ಯಾರೂ ಕೇಳದ ಗಾಳಿ

ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಚೆನ್ನಾಗಿ ಬಿಸಿಯಾಗಿ, ನ್ಯೂಟ್ರಲ್‌ನಲ್ಲಿ ಸುಮ್ಮನೆ ಓಡುತ್ತಿರುವಾಗ ಸೆಕೆಂಡಿಗೆ ಸೇದಿಕೊಳ್ಳುವ ಗಾಳಿ 3 ಗ್ರಾಂ ಆಸುಪಾಸು. ಅಷ್ಟು ಗಾಳಿ ಒಳಗೆ ಬರಲು ಎಷ್ಟು ದೊಡ್ಡ ದಾರಿ ಬೇಕು ಎಂದು ಲೆಕ್ಕ ಹಾಕಿದಾಗ ಬಂದ ಉತ್ತರವನ್ನು ನಾನು ಮೊದಲು ನಂಬಲಿಲ್ಲ: 4 ಮಿಲಿಮೀಟರ್ ವ್ಯಾಸದ ಒಂದು ತೂತು. ಅಷ್ಟೇ. ಟರ್ಬೊ, ಇಂಟರ್‌ಕೂಲರ್, ದಪ್ಪ ಸಿಲಿಕೋನ್ ಪೈಪುಗಳು, ಅಗಲವಾದ ಥ್ರಾಟಲ್ ಬಾಡಿ (ಆಕ್ಸಿಲರೇಟರ್ ಒತ್ತಿದಾಗ ತಟ್ಟೆ ತೆರೆದು ಗಾಳಿ ಬಿಡುವ ಕೊಳವೆ) ಇವೆಲ್ಲ ಇದ್ದೂ, ಐಡಲ್‌ನಲ್ಲಿ, ಅಂದರೆ ಹೀಗೆ ಸುಮ್ಮನೆ ಓಡುವಾಗ, ಇಡೀ ಎಂಜಿನ್ ಬದುಕುವುದು ಅಷ್ಟು ಸಣ್ಣ ಕಿಂಡಿಯ ಮೇಲೆ.

ಕಾರಣ ಇದು. ಐಡಲ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನ, ಅಂದರೆ ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗಳ, ಒಳಗಿನ ಒತ್ತಡ ಸುಮಾರು 30ರಿಂದ 40 ಕಿಲೊಪಾಸ್ಕಲ್. ಹೊರಗೆ, ಸಮುದ್ರ ಮಟ್ಟದಲ್ಲಿ, 101. ಒಳಗಿನ ಒತ್ತಡ ಹೊರಗಿನದರ ಶೇಕಡ 53ಕ್ಕಿಂತ ಕೆಳಗಿಳಿಯಿತೆಂದರೆ, ಕಿಂಡಿಯಲ್ಲಿ ನುಗ್ಗುವ ಗಾಳಿ ಶಬ್ದದ ವೇಗವನ್ನೇ ಮುಟ್ಟಿಬಿಡುತ್ತದೆ. ಅಲ್ಲಿಂದ ಮುಂದೆ ಎಂಜಿನ್ ಎಷ್ಟೇ ಜೋರಾಗಿ ಎಳೆದರೂ ಆ ಕಿಂಡಿಯಲ್ಲಿ ಹೆಚ್ಚು ಗಾಳಿ ಬರುವುದಿಲ್ಲ. ಕಿಂಡಿಯ ಅಳತೆಯೇ ಗಾಳಿಯ ಅಳತೆ. ಎಲ್ಲೋ ಒಂದು ಸಣ್ಣ ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟರೆ, ಐಡಲ್ ಗಾಳಿಯ ಅರ್ಧದಷ್ಟೋ ಪೂರ್ತಿಯಷ್ಟೋ ಹೆಚ್ಚುವರಿಯಾಗಿ ಒಳಗೆ ಬಂದು ಕೂರುತ್ತದೆ. ಅದೇ ಸೋರಿಕೆ 4000 ಆರ್‌ಪಿಎಂನಲ್ಲಿ, ಅರ್ಧ ಥ್ರಾಟಲ್‌ನಲ್ಲಿ, ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿಯೇ ಓಡುವಾಗ ಬೆಣ್ಣೆಯಂತಿರುವ ಕಾರು ನಿಂತಾಗ ಮಾತ್ರ ಹುಚ್ಚು ಹಿಡಿದಂತೆ ಆಡುತ್ತದೆ.

ಪರ್ಫಾರ್ಮೆನ್ಸ್ ಕಾರುಗಳಲ್ಲಿ ಈ ಹುಚ್ಚು ಇನ್ನೂ ಒಂದು ಕೈ ಮುಂದೆ. ದೊಡ್ಡ ಥ್ರಾಟಲ್ ಬಾಡಿ ಹಾಕಿದರೆ ಅದರ ತಟ್ಟೆ ಒಂದು ಡಿಗ್ರಿಯ ಅಲ್ಪಭಾಗ ತೆರೆದರೂ ನೂರಾರು ಆರ್‌ಪಿಎಂ ಹೆಚ್ಚು. ಹಗುರ ಫ್ಲೈವೀಲ್ ಇದ್ದರೆ ಏರಿಳಿತವನ್ನು ನುಂಗಿಕೊಳ್ಳುವ ಭಾರವೇ ಇಲ್ಲ. ಬಿರುಸಿನ ಕ್ಯಾಮ್‌ಶಾಫ್ಟ್‌ಗಳಲ್ಲಿ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ, ಮ್ಯಾನಿಫೋಲ್ಡ್ ಒತ್ತಡ 50-60 ಕಿಲೊಪಾಸ್ಕಲ್‌ಗೆ ಏರಿ ಕುಣಿಯುತ್ತಿರುತ್ತದೆ. ದೊಡ್ಡ ಇಂಜೆಕ್ಟರುಗಳಿಗೆ ಚಿಕ್ಕ ಹನಿ ಬಿಡುವುದೇ ಕಷ್ಟ. ಬಿಎಂಡಬ್ಲ್ಯುನ ಎಸ್54 ಥರದ ಎಂಜಿನ್‌ನಲ್ಲಂತೂ ಸಿಲಿಂಡರಿಗೊಂದರಂತೆ ಆರು ಥ್ರಾಟಲ್. ಒಂದು ಚೂರು ಹೊಂದಾಣಿಕೆ ತಪ್ಪಿದರೆ ಆರು ಜನರ ಜಗಳ. ಕಾರ್ಖಾನೆಯವರು 850 ಆರ್‌ಪಿಎಂಗೆ ಎಂದು ಲೆಕ್ಕ ಹಾಕಿ ಕೊಟ್ಟಿದ್ದನ್ನೆಲ್ಲ ನಾವು ಬದಲಿಸಿ, ಮತ್ತೆ 850 ಬೇಕು ಎಂದು ಹಟ ಹಿಡಿಯುತ್ತೇವೆ.

ನನ್ನ ಹಳೆಯ ಟರ್ಬೊ ಕಾರಿನ ಕಥೆ ಇಂಥದ್ದೇ. ಹೆಸರು ಬೇಡ, ಕಾರಿನ ಮಾನ ಹೋಗುತ್ತದೆ. ಕೇಬಲ್ ಥ್ರಾಟಲ್, ಗಾಳಿಯನ್ನು ಅಳೆಯಲು ಏರ್ ಫಿಲ್ಟರಿನ ಪಕ್ಕದಲ್ಲೊಂದು ಮಾಸ್ ಏರ್‌ಫ್ಲೋ ಸೆನ್ಸರ್, ಅಂದರೆ ಎಂಎಎಫ್. ನನ್ನ ಕೈಗೆ ಬರುವ ಮೊದಲು ಹಲವು ಕೈ ದಾಟಿದ ಗಾಡಿ. ಸಮಾಧಾನವಾಗಿ ಓಡಿಸಿಕೊಂಡು ಬಂದು ನಿಲ್ಲಿಸಿದರೆ ಐಡಲ್ 900 ಹತ್ತಿರ, ತಕರಾರಿಲ್ಲ. ಬೂಸ್ಟ್, ಅಂದರೆ ಟರ್ಬೊ ತುಂಬುವ ಒತ್ತಡ, ಏರುವ ಹಾಗೆ ಒಂದು ಸಲ ಒತ್ತಿ ಓಡಿಸಿ ನಿಂತರೆ ಮಾತ್ರ ಕಾಟ ಶುರು. ಕೆಲವೊಮ್ಮೆ 1800ರಲ್ಲಿ ಗಟ್ಟಿಯಾಗಿ ನಿಂತುಬಿಡುತ್ತಿತ್ತು. ಕೆಲವೊಮ್ಮೆ 1200ರಿಂದ 1800, ಮತ್ತೆ 1200, ಹೀಗೆ ಉಯ್ಯಾಲೆ. ಕೆಲವೊಮ್ಮೆ ಆಕ್ಸಿಲರೇಟರನ್ನು ಒಮ್ಮೆ ಚುರುಕಾಗಿ ತಟ್ಟಿ ಬಿಟ್ಟರೆ, ಏನೂ ಆಗೇ ಇಲ್ಲವೆಂಬಂತೆ 900ಕ್ಕೆ ಇಳಿದು ಕೂರುತ್ತಿತ್ತು. ಚೆಕ್ ಎಂಜಿನ್ ದೀಪ ಮಾತ್ರ ಒಮ್ಮೆಯೂ ಹೊತ್ತಿಕೊಳ್ಳಲಿಲ್ಲ.

ಇಂಥ ಹೊತ್ತಿಗೆ ಯಾರನ್ನು ಕೇಳಿದರೂ ಒಂದೇ ಸಲಹೆ: "ಥ್ರಾಟಲ್ ಸ್ಕ್ರೂ ಒಂಚೂರು ಸಡಿಲ ಮಾಡಿಬಿಡಿ ಸಾರ್." ಇಲ್ಲವೇ, ಐಡಲ್ ಕಂಟ್ರೋಲ್ ವಾಲ್ವ್ (ಥ್ರಾಟಲ್ ಪಕ್ಕದ ದಾರಿಯಿಂದ ಐಡಲ್‌ಗೆ ಬೇಕಾದ ಗಾಳಿ ಬಿಡುವ ವಾಲ್ವ್) ಬದಲಾಯಿಸಿ. ಆಮೇಲೆ ಥ್ರಾಟಲ್ ಪೊಸಿಷನ್ ಸೆನ್ಸರ್. ಆಮೇಲೆ ಎಂಎಎಫ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಕೈಗೆ ಸಿಗುವ ಬಿಡಿಭಾಗಕ್ಕೆಲ್ಲ ಶಿಕ್ಷೆ. ಬಿಡಿಭಾಗ ಬದಲಾಯಿಸುವುದರಲ್ಲಿ ಇರುವ ಕೆಡುಕು ಖರ್ಚು ಒಂದೇ ಅಲ್ಲ. ಪ್ರತಿ ಸಲ ಏನನ್ನಾದರೂ ತಿರುಗಿಸಿದಾಗ, ಬದಲಿಸಿದಾಗ, ಮೂಲ ದೋಷದ ಸಾಕ್ಷಿ ಅಷ್ಟಷ್ಟೇ ಅಳಿಸಿಹೋಗುತ್ತದೆ. ಸ್ಕ್ರೂ ವಿಷಯದಲ್ಲಿ ಇದು ಇನ್ನೂ ಹೆಚ್ಚು ನಿಜ. ಅದು ಐಡಲ್ ಹೊಂದಿಸುವ ಸ್ಕ್ರೂ ಎಂದೇ ಬಹಳ ಜನ ತಿಳಿದಿದ್ದಾರೆ. ಅಲ್ಲ. ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚಿಕೊಂಡು ಕೊಳವೆಯ ಗೋಡೆಗೆ ಕಚ್ಚಿಕೊಳ್ಳದಿರಲಿ ಎಂದು ಕಾರ್ಖಾನೆಯಲ್ಲಿ ಒಮ್ಮೆ ಹೊಂದಿಸಿ, ಮೇಲೊಂದು ಚುಕ್ಕೆ ಬಣ್ಣ ಹಚ್ಚಿ ಕಳಿಸಿದ ತಡೆ ಅದು. ನನ್ನ ಕಾರಿನಲ್ಲಿ ಆ ಬಣ್ಣ ಒಡೆದಿತ್ತು. ಯಾವನೋ ಹಳೆಯ ಮಾಲೀಕ ಸ್ಕ್ರೂಡ್ರೈವರ್ ಇಟ್ಟಿದ್ದಾನೆ ಎಂದು ಅವತ್ತೇ ಗೊತ್ತಾಯಿತು, ಆದರೆ ಕೈ ಹಾಕದೆ ಬಿಟ್ಟೆ. ಯಾಕೆ ತಿರುಗಿಸಿದ್ದ ಎಂದು ತಿಳಿಯುವ ತನಕ ಅದು ಹಾಗೇ ಇರಲಿ ಅನಿಸಿತು.

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ ಎಂದು ನನ್ನ ನಂಬಿಕೆ: ಈ ಹೆಚ್ಚು ಐಡಲ್ ಅನ್ನು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ತಾನೇ ಕೇಳುತ್ತಿದೆಯೋ, ಅಥವಾ ಬೇಡ ಬೇಡ ಎಂದರೂ ಗಾಳಿ ಬರುತ್ತಿದೆಯೋ? ಸ್ಕ್ಯಾನರ್ ಹಾಕಿ ಲೈವ್ ಡೇಟಾ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಇಸಿಯು ಕೇಳುತ್ತಿದ್ದರೆ ಅದರ ಗುರಿ ಆರ್‌ಪಿಎಂ ಮೇಲಿರುತ್ತದೆ, ಐಡಲ್ ವಾಲ್ವ್ ಅಗಲ ತೆರೆದಿರುತ್ತದೆ. ಆಗ ತಪ್ಪು ಗಾಳಿಯದಲ್ಲ, ಮಾಹಿತಿಯದು. ಕೂಲೆಂಟ್ ತಾಪಮಾನ ಸೆನ್ಸರಿನ ವೈರು ತುಂಡಾಗಿದ್ದರೆ ಇಸಿಯುಗೆ ಮೈನಸ್ 40 ಡಿಗ್ರಿ ಕಾಣಿಸಬಹುದು. ಪಾಪ, ಅದು ಚಳಿಗೆ ನಡುಗುವ ಎಂಜಿನ್ನನ್ನು ಬೆಚ್ಚಗೆ ಮಾಡಲು ಐಡಲ್ ಏರಿಸುತ್ತದೆ. ಸಾಮಾನ್ಯ ಸೆನ್ಸರ್ 20 ಡಿಗ್ರಿಯಲ್ಲಿ 2ರಿಂದ 3 ಕಿಲೊಓಮ್, 80 ಡಿಗ್ರಿಯಲ್ಲಿ ಕೆಲವು ನೂರು ಓಮ್ ತೋರಿಸಬೇಕು. ಮಲ್ಟಿಮೀಟರ್ ಇದ್ದವರಿಗೆ ಇದು ಕೂತಲ್ಲೇ ಆಗುವ ಪರೀಕ್ಷೆ. ಎಸಿ ಸ್ವಿಚ್ಚು, ಪವರ್ ಸ್ಟೀರಿಂಗ್ ಒತ್ತಡದ ಸ್ವಿಚ್ಚು, ಇವು ಕೆಟ್ಟರೂ ಇಸಿಯು ತಾನೇ ಐಡಲ್ ಏರಿಸುತ್ತದೆ.

ಕೇಳದೆಯೇ ಬರುತ್ತಿದ್ದರೆ ಚಿತ್ರ ತಿರುಗುಮುರುಗು. ಗುರಿ 850, ನಿಜ 1500. ಐಡಲ್ ವಾಲ್ವ್ ಪೂರ್ತಿ ಮುಚ್ಚಿಕೊಂಡಿದೆ. ಆಮೇಲೆ ಇಸಿಯು ತನ್ನ ಎರಡನೆಯ ಅಸ್ತ್ರ ತೆಗೆಯುತ್ತದೆ: ಇಗ್ನಿಷನ್ ಟೈಮಿಂಗ್. ಸಾಮಾನ್ಯವಾಗಿ ಐಡಲ್‌ನಲ್ಲಿ ಪಿಸ್ಟನ್ ಮೇಲೆ ಮುಟ್ಟುವ 10-15 ಡಿಗ್ರಿ ಮುಂಚೆ ಕಿಡಿ ಹಾರುತ್ತದೆ. ಆರ್‌ಪಿಎಂ ತಗ್ಗಿಸಬೇಕಾದಾಗ ಇಸಿಯು ಅದನ್ನು ಸೊನ್ನೆಯತ್ತ, ಕೆಲವು ಕಾರುಗಳಲ್ಲಿ ಸೊನ್ನೆಯ ಆಚೆಗೂ, ಎಳೆಯುತ್ತದೆ. ಎಂಜಿನ್ ಸದ್ದೇ ಬೇರೆಯಾಗುತ್ತದೆ, ಎಕ್ಸಾಸ್ಟ್ ಬಿಸಿಯಾಗುತ್ತದೆ. ಐಡಲ್ ಹೆಚ್ಚಿದ್ದು ಟೈಮಿಂಗ್ ಹಿಂದೆ ಹೋಗಿದ್ದರೆ, ಆ ಕಂಪ್ಯೂಟರ್ ನಿಮ್ಮ ಪರವಾಗಿಯೇ ಹೋರಾಡುತ್ತಿದೆ ಎಂದು ತಿಳಿಯಿರಿ. ಅದನ್ನು ಬೈಯಬೇಡಿ, ಗಾಳಿ ಎಲ್ಲಿಂದ ಬರುತ್ತಿದೆ ಹುಡುಕಿ.

ನನ್ನ ಕಾರಿನ ಲೈವ್ ಡೇಟಾ ಇವೆರಡಕ್ಕೂ ಸಿಗದೆ ಆಟ ಆಡಿತು. ಉಯ್ಯಾಲೆಯಾಡುವಾಗ ಐಡಲ್ ವಾಲ್ವ್ ಮುಚ್ಚಿತ್ತು, ಥ್ರಾಟಲ್ ಮುಚ್ಚಿದೆ ಎಂದು ತಿಳಿಸುವ, ಥ್ರಾಟಲ್ ಸೆನ್ಸರಿನ ಒಳಗಿನ ಐಡಲ್ ಸ್ವಿಚ್ಚು "ಆನ್" ಇತ್ತು. ಗಟ್ಟಿಯಾಗಿ 1800ರಲ್ಲಿ ನಿಂತಾಗ ಐಡಲ್ ಸ್ವಿಚ್ಚು "ಆಫ್", ಟೈಮಿಂಗ್ 25 ಡಿಗ್ರಿ ದಾಟಿ ಮುಂದೆ. ಅಂದರೆ ಆಗ ಇಸಿಯು ಗಾಳಿ ಕೇಳುತ್ತಲೂ ಇಲ್ಲ, ತಡೆಯುತ್ತಲೂ ಇಲ್ಲ. ಕಾಲು ಆಕ್ಸಿಲರೇಟರ್ ಮೇಲಿದೆ, ಗಾಡಿ ಓಡುತ್ತಿದೆ ಎಂದೇ ಅದರ ತಿಳಿವಳಿಕೆ. ನಿಂತಿದ್ದೇವೆ ಎಂಬುದು ಅದಕ್ಕೆ ಗೊತ್ತೇ ಇಲ್ಲ.

ಉಯ್ಯಾಲೆಯ ಗುಟ್ಟು ಬಿಡಿಸಿಕೊಳ್ಳುವುದು ನನಗೆ ಈ ಇಡೀ ಕೆಲಸದಲ್ಲಿ ಅತಿ ಖುಷಿ ಕೊಟ್ಟ ಭಾಗ. ಆಕ್ಸಿಲರೇಟರ್ ಬಿಟ್ಟು ಇಳಿಜಾರಿನಲ್ಲಿ ಬರುವಾಗ ಪೆಟ್ರೋಲ್ ಉಳಿಸಲೆಂದು ಇಸಿಯು ಇಂಜೆಕ್ಟರುಗಳನ್ನು ನಿಲ್ಲಿಸಿಬಿಡುತ್ತದೆ. ಅದಕ್ಕೆ ಮುಖ್ಯ ಷರತ್ತು ಎರಡು: ಥ್ರಾಟಲ್ ಮುಚ್ಚಿರಬೇಕು, ಆರ್‌ಪಿಎಂ ಒಂದು ಮಟ್ಟಕ್ಕಿಂತ ಮೇಲಿರಬೇಕು. ಈಗ ನಿಂತ ಕಾರನ್ನು ನೋಡಿ. ಥ್ರಾಟಲ್ ಮುಚ್ಚಿದೆ ಎಂದು ಸ್ವಿಚ್ಚು ಹೇಳುತ್ತಿದೆ; ಎಲ್ಲಿಂದಲೋ ಬಂದ ಗಾಳಿಯಿಂದ ಆರ್‌ಪಿಎಂ 1800 ಮುಟ್ಟಿದೆ. ಇಳಿಜಾರೇ ಇರಬೇಕು ಎಂದುಕೊಂಡು ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ಆರ್‌ಪಿಎಂ ಕುಸಿಯುತ್ತದೆ. 1200 ಆಸುಪಾಸಿಗೆ ಬಂದಾಗ ಎಂಜಿನ್ ನಿಂತುಹೋಗದಿರಲಿ ಎಂದು ಮತ್ತೆ ಪೆಟ್ರೋಲ್ ಕೊಡುತ್ತದೆ. ಗಾಳಿ ಅಲ್ಲೇ ಕಾಯುತ್ತಿದೆ. ಆರ್‌ಪಿಎಂ ಮತ್ತೆ 1800. ಹೀಗೆ ಬೆಳಗಿನ ತನಕ ಬೇಕಾದರೂ ಆಡುತ್ತಿರುತ್ತದೆ. ಇದರಲ್ಲಿ ಕೆಟ್ಟ ಸೆನ್ಸರ್ ಒಂದೂ ಇಲ್ಲ, ಇಸಿಯು ಕೂಡ ತನಗೆ ಬರೆದುಕೊಟ್ಟ ನಿಯಮ ಮೀರಿಲ್ಲ. ಹೆಚ್ಚುವರಿ ಗಾಳಿ ಒಂದೇ ತಪ್ಪು.

ಹಾಗಾದರೆ ಒಮ್ಮೆ ಉಯ್ಯಾಲೆ, ಒಮ್ಮೆ ಗಟ್ಟಿ 1800 ಯಾಕೆ? ಐಡಲ್ ಸ್ವಿಚ್ಚು ಗಡಿಯಲ್ಲಿ ನಿಂತಿತ್ತು. ತಿರುಗಿಸಿದ ಆ ಸ್ಕ್ರೂ ಥ್ರಾಟಲ್ ತಟ್ಟೆಯನ್ನು ಕೂದಲೆಳೆಯಷ್ಟು ತೆರೆದೇ ಇಟ್ಟಿತ್ತು, ಸೆನ್ಸರ್ 0.5 ವೋಲ್ಟ್ ತೋರಿಸಬೇಕಾದ ಜಾಗದಲ್ಲಿ 0.6ಕ್ಕಿಂತ ಮೇಲೆ ತೋರಿಸುತ್ತಿತ್ತು. ಕೇಬಲ್ ಒಮ್ಮೆ ಪೂರ್ತಿ ಹಿಂದಿರುಗಿದರೆ ಸ್ವಿಚ್ಚು ಮುಟ್ಟುತ್ತದೆ, ಇನ್ನೊಮ್ಮೆ ಮುಟ್ಟುವುದಿಲ್ಲ. ಒಂದೇ ಗಾಳಿಗೆ ಎರಡು ಬಗೆಯ ವರ್ತನೆ. ಒತ್ತಿ ಬಿಟ್ಟಾಗ ಕೆಲವೊಮ್ಮೆ ಸರಿಹೋದಂತೆ ಕಾಣುವುದಕ್ಕೂ ಅರ್ಧ ವಿವರಣೆ ಇಲ್ಲೇ ಸಿಕ್ಕಿತು.

ಅರ್ಧ ಮಾತ್ರ. ಸ್ಕ್ರೂ ಎಲ್ಲ ಹೊತ್ತಿನಲ್ಲೂ ಹಾಗೇ ಇದೆಯಲ್ಲ, ಬೂಸ್ಟ್ ಆದಮೇಲೆ ಮಾತ್ರ ಕಾಟ ಯಾಕೆ? ಎಲ್ಲೋ ಇನ್ನೊಂದು ದಾರಿ ಬೂಸ್ಟ್ ಆದಮೇಲೆ ತೆರೆದುಕೊಳ್ಳುತ್ತಿದೆ.

ಇಲ್ಲಿ ಎರಡನೆಯ ಪ್ರಶ್ನೆ. ಬರುತ್ತಿರುವ ಗಾಳಿ ಅಳೆದದ್ದೋ, ಅಳೆಯದ್ದೋ? ಎಂಎಎಫ್ ಇರುವ ಕಾರಿನಲ್ಲಿ ಸೆನ್ಸರ್ ದಾಟಿದ ಮೇಲೆ ಹೊರಗಿನಿಂದ ನುಸುಳಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ ಮಿಶ್ರಣ ಬಡವಾಗುತ್ತದೆ, ಎಕ್ಸಾಸ್ಟಿನ ಆಕ್ಸಿಜನ್ ಸೆನ್ಸರ್ ದೂರು ಕೊಡುತ್ತದೆ, ಇಸಿಯು ಶೇಕಡ 15, 20 ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಫ್ಯೂಯೆಲ್ ಟ್ರಿಮ್ ಎನ್ನುವ ಅಂಕಿ ಐಡಲ್‌ನಲ್ಲಿ ಹಾಗೆ ಏರಿ, 2500 ಆರ್‌ಪಿಎಂಗೆ ಸೊನ್ನೆಯ ಹತ್ತಿರ ಇಳಿದರೆ ವ್ಯಾಕ್ಯೂಮ್ ಸೋರಿಕೆ ಎಂದು ಬಹುತೇಕ ಕಣ್ಣು ಮುಚ್ಚಿ ಹೇಳಬಹುದು. ಹೋಂಡಾದ ಹಳೆಯ ಬಿ ಸರಣಿಯಂಥ, ಮ್ಯಾನಿಫೋಲ್ಡ್ ಒತ್ತಡದಿಂದಲೇ ಗಾಳಿಯ ಲೆಕ್ಕ ಹಾಕುವ ಎಂಜಿನ್‌ಗಳಲ್ಲಿ ಈ ಸೂಚನೆ ಸಿಗುವುದಿಲ್ಲ. ಅಲ್ಲಿ ನುಸುಳಿದ ಗಾಳಿಯೂ ಒತ್ತಡ ಏರಿಸುತ್ತದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಕೊಟ್ಟು ಸುಮ್ಮನಾಗುತ್ತದೆ. ಟ್ರಿಮ್ ಶುದ್ಧ, ಐಡಲ್ ಮಾತ್ರ ಮೇಲೆ.

ನನ್ನದು ಎಂಎಎಫ್ ಕಾರು. ಆದರೂ ಟ್ರಿಮ್ ಸೊನ್ನೆಯ ಆಚೀಚೆ. ಸ್ಮೋಕ್ ಮಷೀನ್ ತರಿಸಿ, 1 ಪಿಎಸ್‌ಐಗಿಂತ ಕಡಿಮೆ ಒತ್ತಡದಲ್ಲಿ ಮ್ಯಾನಿಫೋಲ್ಡಿಗೆ ಹೊಗೆ ತುಂಬಿಸಿದಾಗ ಹೊರಗೆ ಒಂದು ಎಳೆ ಹೊಗೆಯೂ ಕಾಣಲಿಲ್ಲ. ಬ್ರೇಕ್ ಬೂಸ್ಟರ್ ಪೈಪು, ಇಂಜೆಕ್ಟರುಗಳ ಓ-ರಿಂಗ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಎಲ್ಲ ಭದ್ರ. (ಸ್ಮೋಕ್ ಮಷೀನ್ ಬದಲು ಓಡುವ ಎಂಜಿನ್ ಮೇಲೆ ಬ್ರೇಕ್ ಕ್ಲೀನರ್ ಚಿಮುಕಿಸಿ ಸೋರಿಕೆ ಹುಡುಕುವವರಿದ್ದಾರೆ. ಕೆಂಪಗೆ ಕಾದ ಟರ್ಬೊ ಪಕ್ಕದಲ್ಲಿ ಅದನ್ನು ಮಾಡುವ ಧೈರ್ಯ ನನಗಿಲ್ಲ. ಕ್ಲೋರಿನ್ ಇರುವ ಬಗೆಯ ಕ್ಲೀನರ್ ಬಿಸಿಗೆ ಫಾಸ್ಜೀನ್ ಎಂಬ ವಿಷಾನಿಲ ಬಿಡಬಲ್ಲದು. ಬೇಡ.)

ಅಂದರೆ ಗಾಳಿ ಥ್ರಾಟಲ್ ತಪ್ಪಿಸಿ ಬರುತ್ತಿದೆ, ಆದರೆ ಎಂಎಎಫ್ ತಪ್ಪಿಸಿಲ್ಲ. ಅಂಥ ದಾರಿಗಳು ಬೆರಳೆಣಿಕೆಯಷ್ಟು. ಒಂದು, ಐಡಲ್ ವಾಲ್ವ್ ತಾನೇ. ಅದರ ಬಾಯಿಗೆ ಹೆಬ್ಬೆರಳು ಒತ್ತಿದರೂ ಐಡಲ್ ಇಳಿಯಲಿಲ್ಲ, ಹಾಗಾಗಿ ಅದು ನಿರಪರಾಧಿ. ಇನ್ನೊಂದು, ಮೇಣದ ವಾಲ್ವ್: ಹಳೆಯ ಹೋಂಡಾಗಳಲ್ಲಿ, ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5ನಲ್ಲಿ ಕಾಣುವ ಜಾಣ ಉಪಾಯ. ತಣ್ಣಗಿರುವಾಗ ಹೆಚ್ಚು ಗಾಳಿ ಬಿಟ್ಟು, ಕೂಲೆಂಟ್ ಕಾದಂತೆ ಮೇಣ ಹಿಗ್ಗಿ ದಾರಿ ಮುಚ್ಚುತ್ತದೆ. ಕೂಲಿಂಗ್ ವ್ಯವಸ್ಥೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಮೇಣಕ್ಕೆ ಬಿಸಿ ತಲುಪದೆ ಐಡಲ್ ಕೆಳಗಿಳಿಯುವುದೇ ಇಲ್ಲ. ರೇಡಿಯೇಟರ್ ಕೆಲಸ ಮಾಡಿಸಿಕೊಂಡ ಮೇಲೆ ಐಡಲ್ ಕೆಟ್ಟಿತು ಎನ್ನುವವರು ಮೊದಲು ನೋಡಬೇಕಾದದ್ದು ಕೂಲೆಂಟ್ ಮಟ್ಟ. ನನ್ನ ಎಂಜಿನ್‌ನಲ್ಲಿ ಮೇಣದ ವಾಲ್ವ್ ಇಲ್ಲ.

ಉಳಿದದ್ದು ಪಿಸಿವಿ, ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಗೆ ಎಣ್ಣೆ ಇರುವ ಭಾಗದ, ಹಬೆ ಹೊರಗೆಳೆಯುವ ಪುಟ್ಟ ವಾಲ್ವ್. ಇದರ ಕೆಲಸ ಕೇಳಿದಾಗ ಅನಿಸುವುದಕ್ಕಿಂತ ಸೂಕ್ಷ್ಮ. ಒಳಗೊಂದು ಸ್ಪ್ರಿಂಗು, ಒಂದು ಓಡಾಡುವ ಮೊಳೆ. ಐಡಲ್‌ನಲ್ಲಿ ಮ್ಯಾನಿಫೋಲ್ಡಿನ ಬಲವಾದ ಎಳೆತಕ್ಕೆ ಮೊಳೆ ಒಂದು ತುದಿಗೆ ಹೋಗಿ, ದಾರಿಯನ್ನು ಕಿರಿದು ಮಾಡುತ್ತದೆ. ಹದವಾಗಿ ಓಡುವಾಗ ನಡುವಿಗೆ ಬಂದು ಅಗಲ ತೆರೆಯುತ್ತದೆ. ಬೂಸ್ಟ್ ಬಂದರೆ ಇನ್ನೊಂದು ತುದಿಗೆ ಹೋಗಿ ಪೂರ್ತಿ ಮುಚ್ಚುತ್ತದೆ; ಇಲ್ಲದಿದ್ದರೆ ಟರ್ಬೊದ ಒತ್ತಡವೆಲ್ಲ ಎಣ್ಣೆ ಇರುವ ಜಾಗಕ್ಕೆ ನುಗ್ಗೀತು. ಬೂಸ್ಟ್ ಮುಗಿಸಿ ಐಡಲ್‌ಗೆ ಬರುವಾಗ ಮೊಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ಪಯಣಿಸಬೇಕು. ಎಣ್ಣೆಮಸಿ ಅಂಟಿದ, ಸವೆದ ವಾಲ್ವ್‌ನಲ್ಲಿ ಅದು ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಡುದಾರಿಯೇ ಅತಿ ಅಗಲದ ಜಾಗ. ಆ ಗಾಳಿ ಬರುವುದು ಕ್ರ್ಯಾಂಕ್‌ಕೇಸಿನಿಂದ. ಕ್ರ್ಯಾಂಕ್‌ಕೇಸಿಗೆ ಬರುವುದು ಇನ್‌ಟೇಕ್ ಪೈಪಿನಿಂದ, ಅದೂ ಎಂಎಎಫ್ ದಾಟಿದ ಮೇಲೆ. ಹಾಗಾಗಿ ಅದು ಅಳೆದ ಗಾಳಿ, ಟ್ರಿಮ್ ಕೆಡುವುದಿಲ್ಲ. ಹೊಗೆ ಪರೀಕ್ಷೆಯಲ್ಲೂ ಹೊಗೆ ಎಂಜಿನ್ನಿನ ಒಳಗೊಳಗೇ ಸುತ್ತಿ ಬರುತ್ತದೆ, ಹೊರಗೆ ಕಾಣುವುದಿಲ್ಲ. ಎಣ್ಣೆ ಹಾಕುವ ಮುಚ್ಚಳ ತೆಗೆದಿದ್ದರೆ ಅಲ್ಲಿಂದ ಹೊಗೆ ಬರುತ್ತಿತ್ತೇನೋ. ಆದರೆ ಪರೀಕ್ಷೆಗೆ ಮುಂಚೆ ಒಂದು ಬೂಸ್ಟ್ ಓಟ ಮುಗಿಸಿ, ಮೊಳೆ ಸಿಕ್ಕಿಕೊಂಡ ಹೊತ್ತಿನಲ್ಲೇ ಹಾಗೆ ಮಾಡಬೇಕು.

ಈ ವಾದವನ್ನು ಒರೆಗೆ ಹಚ್ಚಲು ಯಾವ ಯಂತ್ರವೂ ಬೇಕಾಗಲಿಲ್ಲ. ಒತ್ತಿ ಓಡಿಸಿ, ಕಾಟ ಶುರುವಾದ ಕೂಡಲೇ ಬಾನೆಟ್ ಎತ್ತಿ, ಪಿಸಿವಿ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಹಿಸುಕಿದೆ. 1800ರಲ್ಲಿ ಕೂಗುತ್ತಿದ್ದ ಎಂಜಿನ್ 1000ದ ಹತ್ತಿರಕ್ಕೆ ಇಳಿಯಿತು. ಬಿಟ್ಟೆ, ಏರಿತು. ಹಿಸುಕಿದೆ, ಇಳಿಯಿತು. ವಾಲ್ವ್ ಮೇಲೆ ಸ್ಪ್ಯಾನರಿನ ಹಿಡಿಯಿಂದ ಒಂದು ಏಟು ಕೊಟ್ಟೆ. ಒಳಗಿನ ಮೊಳೆ ಟಕ್ಕೆಂದು ಸರಿದು, ಐಡಲ್ ತಾನಾಗಿಯೇ ಕೆಳಗೆ ಕೂತಿತು.

ಅಲ್ಲಿಗೆ ಸ್ಕ್ರೂ ಕಥೆಯೂ ತಿಳಿಯಾಯಿತು, ಕನಿಷ್ಠ ನನ್ನ ಊಹೆಯ ಮಟ್ಟಿಗೆ. ಎಂದೋ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿ ಐಡಲ್ ತಗ್ಗಿರಬೇಕು. ಯಾರೋ ಸ್ಕ್ರೂ ತಿರುಗಿಸಿ ಮೇಲೆತ್ತಿದರು. ಆ ಹೊತ್ತಿಗೆ ಅದು ಕೆಲಸ ಮಾಡಿತು. ಆಮೇಲೆ ಇನ್ಯಾರೋ ಥ್ರಾಟಲ್ ಬಾಡಿಯನ್ನು ಥಳಥಳ ತೊಳೆದರು. ಮಸಿ ಮುಚ್ಚಿದ್ದ ದಾರಿ ತೆರೆಯಿತು, ಸ್ಕ್ರೂ ಹಾಗೇ ಉಳಿಯಿತು. ಹೆಚ್ಚಾದ ಗಾಳಿಯನ್ನು ಸರಿದೂಗಿಸಲು ಐಡಲ್ ವಾಲ್ವ್ ಬಹುತೇಕ ಮುಚ್ಚಿಕೊಂಡೇ ಬದುಕತೊಡಗಿತು. ಪಿಸಿವಿ ಸಿಕ್ಕಿಕೊಂಡ ದಿನ ಇನ್ನಷ್ಟು ಮುಚ್ಚಲು ಅದಕ್ಕೆ ಜಾಗವೇ ಇರಲಿಲ್ಲ. ಬರೀ ಪಿಸಿವಿ ಕೆಟ್ಟಿದ್ದರೆ ವಾಲ್ವ್ ಅದರ ಬಹುಪಾಲನ್ನು ನುಂಗಿಕೊಳ್ಳುತ್ತಿತ್ತು. ಬರೀ ಸ್ಕ್ರೂ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಗೊತ್ತಾಗಿರಲೂ ಇಲ್ಲ. ಹಳೆಯ ಕಾರುಗಳಲ್ಲಿ ನಾವು ಒಂದು ದೋಷ ಎಂದು ಹುಡುಕುವುದು ಎಷ್ಟೋ ಸಲ ಹೀಗೆ ಬೇರೆ ಬೇರೆ ಕಾಲದ, ಬೇರೆ ಬೇರೆ ಜನರ ಪರಿಹಾರಗಳು ಒಂದರ ಮೇಲೊಂದು ಕೂತದ್ದು. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಬಣ್ಣ ಒಡೆದವನ ಮೇಲೆ ಸ್ವಲ್ಪ ಬಿಟ್ಟರೆ.

ರಿಪೇರಿ ಹೇಳುವಷ್ಟು ದೊಡ್ಡದಲ್ಲ. ಟರ್ಬೊ ಎಂಜಿನ್ನಿಗೆಂದೇ ಮಾಡಿದ ಹೊಸ ಪಿಸಿವಿ ವಾಲ್ವ್. ಟರ್ಬೊ ಇಲ್ಲದ ಕಾರಿನದು ನೋಡಲು ಹಾಗೇ ಇದ್ದರೂ ಬೂಸ್ಟ್ ತಡೆಯುವ ಖಾತ್ರಿ ಇಲ್ಲ. ಆಮೇಲೆ ಸ್ಕ್ರೂವನ್ನು ಪೂರ್ತಿ ಹಿಂದೆಗೆದು, ತಟ್ಟೆ ಕಚ್ಚಿಕೊಳ್ಳದಷ್ಟು ಮಾತ್ರ ಮುಂದೆ ತಂದು, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಐಡಲ್ ಸ್ವಿಚ್ಚು ಖಚಿತವಾಗಿ ಮುಟ್ಟುವಂತೆ ಸೆನ್ಸರನ್ನು ಹೊಂದಿಸಿದೆ. ಕೇಬಲ್‌ಗೆ ಕೊಂಚ ಸಡಿಲ. ಮೊದಲು ಸ್ಕ್ರೂ ಮುಟ್ಟದೆ ಬಿಟ್ಟಿದ್ದಕ್ಕೆ ಈಗ ಬೆಲೆ ಸಿಕ್ಕಿತು: ಎರಡು ದೋಷಗಳ ಪಾಲು ಎಷ್ಟೆಷ್ಟು ಎಂದು ಬೇರೆ ಬೇರೆಯಾಗಿ ಕಂಡಿತ್ತು.

ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕಾರುಗಳಲ್ಲಿ ಇದೇ ಮಸಿ-ಸ್ಕ್ರೂ ನಾಟಕ ಸಾಫ್ಟ್‌ವೇರ್ ಒಳಗೇ ನಡೆಯುತ್ತದೆ. ಮಸಿ ಕಟ್ಟಿದಂತೆಲ್ಲ ಇಸಿಯು ತಟ್ಟೆಯನ್ನು ಸ್ವಲ್ಪ ಸ್ವಲ್ಪ ಹೆಚ್ಚು ತೆರೆಯಲು ಕಲಿಯುತ್ತದೆ. ನೀವು ತೊಳೆದ ಮರುಕ್ಷಣ ಆ ಕಲಿಕೆ ತಪ್ಪಾಗುತ್ತದೆ. ನಿಸಾನ್ 350ಝಡ್ ಮಾಲೀಕರಿಗೆ ಇದು ಚೆನ್ನಾಗಿ ಗೊತ್ತು. ಥ್ರಾಟಲ್ ತೊಳೆದ ಮೇಲೆ ಐಡಲ್ ಮೇಲೇರಿ ನಿಂತರೆ, ಐಡಲ್ ಗಾಳಿಯನ್ನು ಹೊಸದಾಗಿ ಕಲಿಸುವ ಒಂದು ವಿಧಾನವೇ ಇದೆ. ಸ್ಕ್ಯಾನರಿನಿಂದ ಮಾಡಬಹುದು, ಇಲ್ಲವೇ ಗಡಿಯಾರ ನೋಡಿಕೊಂಡು ಪೆಡಲ್ ಒತ್ತಿ ಬಿಡುವ ಸರ್ಕಸ್ಸಿನಿಂದ. ಅದು ಗೊತ್ತಿಲ್ಲದವರು ಹೊಸ ಥ್ರಾಟಲ್ ಬಾಡಿ ಕೊಂಡು, ಅದಕ್ಕೂ ಅದೇ ಕಲಿಕೆ ಬೇಕೆಂದು ಆಮೇಲೆ ತಿಳಿದುಕೊಳ್ಳುತ್ತಾರೆ.

ನನ್ನ ಕಾರು ಈಗ ಬಿಸಿಯಾದ ಮೇಲೆ 850ರಲ್ಲಿ ನಿಲ್ಲುತ್ತದೆ, ಬೂಸ್ಟ್ ಆದರೂ ಆಗದಿದ್ದರೂ. ಐಡಲ್ ವಾಲ್ವ್ ಶೇಕಡ 30 ಆಸುಪಾಸು ತೆರೆದಿರುತ್ತದೆ, ಅಂದರೆ ಮೇಲಕ್ಕೂ ಕೆಳಕ್ಕೂ ಅದಕ್ಕೆ ಕೈಯಾಡಿಸಲು ಜಾಗವಿದೆ. ಮೊದಮೊದಲು ಎಸಿ ಹಾಕಿದಾಗ ಆರ್‌ಪಿಎಂ ತೀರ ಕುಸಿದು ಆಮೇಲೆ ಚೇತರಿಸಿಕೊಳ್ಳುತ್ತಿತ್ತು; ಇಸಿಯು ಹಳೆಯ ಲೆಕ್ಕ ಮರೆತು ಹೊಸದು ಕಲಿಯುತ್ತ ಹೋದಂತೆ ಅದೂ ಕಡಿಮೆಯಾಯಿತು. ಉಳಿದಿರುವುದು ಸುಮಾರು 50 ಆರ್‌ಪಿಎಂನ ಒಂದು ಸಣ್ಣ ತೂಗಾಟ. ಹಿಂದಿನ ಮಾಲೀಕನೊಬ್ಬ ಹಾಕಿಸಿದ ಹಗುರ ಫ್ಲೈವೀಲ್‌ನದು ಅದು ಎಂದು ನನ್ನ ಗುಮಾನಿ. ಗೇರ್‌ಬಾಕ್ಸ್ ಇಳಿಸದೆ ಅದನ್ನು ಮುಟ್ಟುವಂತಿಲ್ಲ. ಮುಂದೆ ಕ್ಲಚ್ ಬದಲಿಸುವ ಕಾಲ ಬಂದಾಗ ನೋಡೋಣ. ಅಲ್ಲಿಯ ತನಕ ತೂಗಲಿ.